ಅರ್ಧ ಸ್ವರ ಕೆಳಗೆ

ಫೆಬ್ರವರಿ 3, 1818

ಹಾರ್ಪಿನ ತಂತಿಯನ್ನೆಲ್ಲ ಅರ್ಧ ಸ್ವರ ಇಳಿಸಿ ಮುಗಿಸಿದೆ. ಬೆರಳು ಉರಿಯುತ್ತಿದೆ. ಕುರಿ ಕರುಳಿನ ತಂತಿ ಇವು. ಗಂಡನ ವಯೊಲಿನ್ನಿನ ಶ್ರುತಿಗೆ ಬಿಗಿದರೆ ಈ ಥಂಡಿಯಲ್ಲಿ ಒಂದೊಂದೇ ಹರಿಯುತ್ತವೆ. ಅದಕ್ಕೇ ಯುಸ್ಟುಸ್ ನನ್ನ ಹಾಳೆಯನ್ನು ಅರ್ಧ ಸ್ವರ ಮೇಲೆ ಬರೆಯುತ್ತಾನೆ. ಹಾರ್ಪ್ ಕೆಳಗೆ, ಬರಹ ಮೇಲೆ — ಕೇಳುವವರಿಗೆ ಇಬ್ಬರದೂ ಒಂದೇ ಶ್ರುತಿ. ನಾವು ಗಂಡ ಹೆಂಡತಿ ಸರಿಹೋಗುವುದು ಇದೊಂದರಲ್ಲೇ.

ಎಂಟನೇ ತಿಂಗಳು. ಹೊಟ್ಟೆ ಅಡ್ಡ ಬರುತ್ತದೆ. ಹಾರ್ಪನ್ನು ಹೆಗಲಿಗೆ ಒರಗಿಸಿದರೆ ಅದರ ಮರ ಹೊಟ್ಟೆಗೆ ತಾಗುತ್ತದೆ. ದಪ್ಪ ತಂತಿ ಮೀಟಿದರೆ ಒಳಗಿನದು ಒದೆಯುತ್ತದೆ. ಆಗ ಮಾತ್ರ ನನಗೆ ಭಯವಿಲ್ಲ.

ಫೆಬ್ರವರಿ 7

ಅರಮನೆಯ ಡಾಕ್ಟರ್ ಹೇಂಪೆಲ್ ಬಂದಿದ್ದ. ನಶ್ಯ ಏರಿಸಿ, ಸೀನಿ, ಆಮೇಲೆ ಬುದ್ಧಿಮಾತು.

"ಹಾರ್ಪಿನ ಅದುರು ನರಕ್ಕೆ ಒಳ್ಳೇದಲ್ಲ, ಮಗೂಗೂ ಒಳ್ಳೇದಲ್ಲ. ಹೋದ ಸಲ ಏನಾಯ್ತು, ಮರ್ತುಬಿಟ್ರಾ?"

ಮರೆಯುವುದಂತೆ. ಹೋದ ಸಲದ್ದು ಹೊಟ್ಟೆಯೊಳಗೇ ಸುಮ್ಮನಾಯಿತು. ಮಲಗಿದೆ, ಮಲಗಿದೆ ಎಂದರು ಎಲ್ಲರೂ. ನಾನೂ ನಂಬಿದೆ. ಹುಟ್ಟಿದಾಗ ಅಳಲಿಲ್ಲ.

"ಹಾಗಾದ್ರೆ ಡಚೆಸ್ಸಮ್ಮನ ಹುಟ್ಟುಹಬ್ಬಕ್ಕೆ ಯಾರು ನುಡಿಸ್ತಾರೆ, ಡಾಕ್ಟ್ರೇ?"

"ಅವತ್ತೊಂದು ದಿನ ನೀವೇ ನುಡಿಸಿ."

ಅರಮನೆಯಲ್ಲಿ ನರ ಗಟ್ಟಿಯಾಗಿರುತ್ತದೋ ಏನೋ.

ಅವನು ಹೋದ ಮೇಲೆ ಯುಸ್ಟುಸ್ ಹಾರ್ಪಿಗೆ ಗವಸು ಹಾಕಿ ದಾರ ಬಿಗಿದ. ನಾನು ಬೇಡವೆನ್ನಲಿಲ್ಲ. ಹೆದರಿಕೆ ನನಗೂ ಇದೆ.

ಫೆಬ್ರವರಿ 13

ಸೂಲಗಿತ್ತಿ ಶೂರಿಗಮ್ಮ ಹೊಟ್ಟೆ ಮುಟ್ಟಿ ನೋಡಿದಳು. ಡಾಕ್ಟರ್ ಹೇಳಿದ್ದನ್ನು ಹೇಳಿದೆ.

"ಅವ್ನಿಗೆ ಹೊಟ್ಟೆ ಅಂದ್ರೆ ಊಟ ತುಂಬೋ ಜಾಗ, ಅಷ್ಟೇ ಗೊತ್ತಿರೋದು," ಎಂದು ನಗಿಸಿದಳು. ಮಗು ಈಗೀಗ ಒದೆಯುವುದು ಕಡಿಮೆ ಅಂದೆ.

"ಇನ್ನೇನು, ಒಳಗೆ ಜಾಗ ಎಲ್ಲಿದೆ? ಮಲಗಿರುತ್ತೆ ಬಿಡು ಮಗಳೇ."

ಮಲಗಿರುತ್ತೆ... ಹೋದ ಸಲವೂ ಇದೇ ಮಾತು. ಆಮೇಲೆ ಅವಳು ಹೇಳಿದ್ದೊಂದೂ ತಲೆಗೆ ಹೋಗಲಿಲ್ಲ.

ಫೆಬ್ರವರಿ 19. ಬೆಳಿಗ್ಗೆ

ನಿನ್ನೆ ಮಧ್ಯಾಹ್ನದಿಂದ ಅಲುಗಿಲ್ಲ. ಬಿಸಿ ಬಿಯರ್ ಸೂಪ್ ಕುಡಿದೆ. ಎಡಕ್ಕೆ ಮಲಗಿದೆ, ಬಲಕ್ಕೆ ಮಲಗಿದೆ. ಕೊನೆಗೆ ಗವಸು ಬಿಚ್ಚಿ ಅತಿ ದಪ್ಪ ತಂತಿ ಮೀಟಿದೆ. ಮತ್ತೆ ಮೀಟಿದೆ.

ಏನೂ ಇಲ್ಲ.

ಸದ್ದು ಕೇಳಿ ಯುಸ್ಟುಸ್ ಕಮಾನು ಹಿಡಿದೇ ಬಂದ. "ಯಾಕೆ, ಮುಖ ಹಾಗಿದೆ?"

"ಒದೀತಾ ಇಲ್ಲ."

ಕೈಯಿಟ್ಟು ಬಹಳ ಹೊತ್ತು ಕೂತ. "ಇವತ್ತು ಡಚೆಸ್ಸಮ್ಮನ ಹುಟ್ಟುಹಬ್ಬಕ್ಕೆ ಹೋಗೋದು ಬೇಡ. ಹೇಳಿ ಕಳಿಸ್ತೀನಿ."

"ಹೋಗೋಣ. ಮನೇಲಿ ಕೂತ್ರೆ ಹುಚ್ಚು ಹಿಡಿಯುತ್ತೆ ನಂಗೆ."

ಶೂರಿಗಮ್ಮ ಪಕ್ಕದ ಊರಿನಲ್ಲೊಂದು ಹೆರಿಗೆಗೆ ಹೋಗಿದ್ದಾಳಂತೆ. ಹಾರ್ಪ್ ಒಯ್ಯಲು ಅರಮನೆಯ ಗಾಡಿ ಬಂತು.

ಫೆಬ್ರವರಿ 20

ನಿನ್ನೆಯದನ್ನು ಬರೆಯುತ್ತೇನೆ.

ವೇದಿಕೆ ಹತ್ತುವಾಗ ಅರಮನೆಯ ಶ್ರುತಿಗಾರ ಅಡ್ಡ ಬಂದ. ಮುಖದ ತುಂಬ ನಗು. "ನಿಮ್ಮ ಹಾರ್ಪ್ ಅರ್ಧ ಸ್ವರ ಇಳಿದುಹೋಗಿತ್ತಮ್ಮ. ಪಿಯಾನೊಗೆ ಸರಿಯಾಗಿ ಏರಿಸಿಟ್ಟಿದ್ದೀನಿ." ಅಷ್ಟೂ ತಂತಿ! ಪುಣ್ಯಾತ್ಮ.

ಡಚೆಸ್ಸಮ್ಮ ಆಗಲೇ ಬಂದು ಕೂತಿದ್ದಳು. ಇಳಿಸುವುದಕ್ಕೆ ಹೊತ್ತಿಲ್ಲ. ಯುಸ್ಟುಸ್‌ಗೆ ಪಿಸುಗುಟ್ಟಿದೆ. ಅವನು ಬಿಳಿಚಿಕೊಂಡ.

"ನೀನು ನಿನ್ನ ಹಾಳೆ ನೋಡ್ಕೊಂಡು ನುಡಿಸು. ನಾನೇ ಅರ್ಧ ಮೇಲೆ ಬರ್ತೀನಿ."

ತನ್ನ ಪ್ರತಿ ಸ್ವರವನ್ನೂ ನಿಂತ ನಿಲುವಿನಲ್ಲೇ ಬದಲಿಸಿ ನುಡಿಸಿದ. ಹಣೆಯಲ್ಲಿ ಬೆವರು. ನನಗೆ ಸಂಗೀತ ಕೇಳಲೇ ಇಲ್ಲ. ಹೊಟ್ಟೆಗೆ ಒತ್ತಿದ ಮರ, ಅದರಾಚೆ ಮೌನ, ಅಷ್ಟೇ. ಸತ್ತ ಮಗುವಿಗೆ ನುಡಿಸುತ್ತಿದ್ದೇನೆ ಎಂದುಕೊಂಡೆ. ಹಾಗೇ ಅಂದುಕೊಂಡೆ, ಈ ಮಾತಿನಲ್ಲೇ.

ನಿಧಾನದ ಭಾಗದ ನಡುವೆ ತಂತಿಯೊಂದು ಹರಿಯಿತು. ಕೋವಿ ಹಾರಿಸಿದಂಥ ಸದ್ದು. ಹೆಂಗಸರು ಕಿರುಚಿದರು.

ಒಳಗಿನದು ಬೆಚ್ಚಿ ಎಗರಿತು. ಪಕ್ಕೆಲುಬಿಗೆ ಒಂದು, ಅದರ ಹಿಂದೆಯೇ ಇನ್ನೊಂದು. ಅಮ್ಮಾ, ಎಂಥ ಒದೆ!

ಬೆರಳು ತಾವಾಗಿ ಓಡುತ್ತಿದ್ದವು. ಯುಸ್ಟುಸ್ ನನ್ನ ಕಡೆ ನೋಡಿದ. ನುಡಿಸುತ್ತಲೇ, "ಒದೀತು," ಅಂದೆ. ಅರ್ಧ ಸ್ವರ ಏರಿಸಿಯೂ ಒಂದು ತಪ್ಪು ಮಾಡದಿದ್ದವನು ಆಗ ತನ್ನ ಸರದಿ ಬಂದದ್ದೇ ಮರೆತು, ಕಮಾನು ಎತ್ತಿಕೊಂಡು ಸುಮ್ಮನೆ ನಿಂತುಬಿಟ್ಟ. ನಾನೊಬ್ಬಳೇ ಅಳುತ್ತ ನುಡಿಸಿದೆ. ನಾನು ಸಂಗೀತಕ್ಕೆ ಅಳುತ್ತಿದ್ದೇನೆ ಅಂದುಕೊಂಡು ಡಚೆಸ್ಸಮ್ಮನೂ ಕಣ್ಣೊರೆಸಿಕೊಂಡಳಂತೆ.

ಮುಗಿದ ಮೇಲೆ ಶ್ರುತಿಗಾರ ಕೈಕೈ ಹಿಸುಕುತ್ತ ನಿಂತಿದ್ದ. ಬೈಯುತ್ತಾಳೆ ಅಂದುಕೊಂಡಿರಬೇಕು. ಅವನ ಎರಡೂ ಕೈ ಹಿಡಿದುಕೊಂಡೆ.

ಈಗ ಮತ್ತೆ ಅಲುಗಾಟವಿಲ್ಲ. ಇನ್ನೊಂದು ತಂತಿ ಹರಿದರೆ... ಛೆ, ಇದೆಂಥ ಯೋಚನೆ.

ಫೆಬ್ರವರಿ 26

ಹೆರಿಗೆಯ ನೋವು ಹಿಡಿದಿದೆ. ಹೊತ್ತಿಗೆ ಮುಂಚೆಯೇ. ಯುಸ್ಟುಸ್ ಶೂರಿಗಮ್ಮನನ್ನು ಕರೆತರಲು ಓಡಿದ, ಟೋಪಿಯಿಲ್ಲದೆ, ಹಿಮದಲ್ಲಿ. ಅಳು ಕೇಳುವ ತನಕ ಯಾರ ಮಾತೂ ನಂಬುವುದಿಲ್ಲ. ಯಾರದೂ.

ಮಾರ್ಚ್ 9. ಮಧ್ಯಾಹ್ನ

ಅತ್ತಳು. ನನ್ನ ಅಂಗೈಯಷ್ಟು ಮುಖ. ದನಿ ಮಾತ್ರ ಬೀದಿಯ ಕೊನೆಗೂ ಕೇಳುತ್ತದಂತೆ. ಹಗಲೂ ಇರುಳೂ ಅಳುತ್ತಾಳೆ. ಯುಸ್ಟುಸ್ ಕಿವಿಗೆ ಹತ್ತಿ ತುರುಕಿಕೊಂಡು ಬರೆಯುತ್ತಿದ್ದಾನೆ.

"ನಿಂಗೆ ಸಾಕಾಗಲ್ವಾ ಈ ಅಳು?" ಅಂತ ಕೇಳಿದ. ಸಾಕಾಗುವುದಿಲ್ಲ. ಅತ್ತಷ್ಟು ಹೊತ್ತು ಹಾಯಾಗಿ ಹೊಲಿಯುತ್ತೇನೆ, ಉಣ್ಣುತ್ತೇನೆ.

ಈಗಷ್ಟೇ ನಿಲ್ಲಿಸಿದಳು. ಮಲಗಿದ್ದಾಳೆ ಅನ್ನುತ್ತಾನೆ ಅವನು. ಮೂಗಿನ ಹತ್ತಿರ ಬೆರಳು ಹಿಡಿದು ನೋಡಿ ಬಂದೆ, ಉಸಿರಿತ್ತು. ಅದು ಈ ಸಾಲು ಬರೆಯುವುದಕ್ಕೆ ಮುಂಚೆ. ಇನ್ನೊಂದು ಸಲ ನೋಡಿ ಬಂದು ಬರೆಯುತ್ತೇನೆ.