ಎರಡು ಬೆರಳಷ್ಟು ಮಣ್ಣು

ಮೇ ೨೬, ಭಾನುವಾರ

ಚಿರಂಜೀವಿ ಮಗಳಿಗೆ,

ಅಪ್ಪನ ಆಶೀರ್ವಾದಗಳು. ನಾವಿಬ್ಬರೂ ಕ್ಷೇಮ. ನಿನ್ನ ಎರಡು ಪತ್ರಗಳಿಗೆ ಉತ್ತರಿಸದೆ ಮೂರು ತಿಂಗಳು ಕಳೆದೆ, ಕ್ಷಮಿಸು. ಅಪ್ಪನಿಗೆ ಕೈನೋವೆಂದು ನಿನ್ನ ಅಮ್ಮ ಹೇಳಿರಬಹುದು. ಅದು ಅವಳ ದಾಕ್ಷಿಣ್ಯ, ಕೈಗೆ ಏನೂ ಆಗಿರಲಿಲ್ಲ. ನೀವಿಬ್ಬರೂ ಒಮ್ಮೆ ಈ ಮನೆಗೆ ಬಂದು ನಾಲ್ಕು ದಿನ ಇರಬೇಕೆಂದು ಕೇಳಬೇಕಿತ್ತು. ಬಿಯರ್ ಕಾಯಿಸುವವನು ನನ್ನ ಅಳಿಯನೇ ಎಂದು ಐದು ವರ್ಷ ಮುಖ ತಿರುಗಿಸಿಕೊಂಡಿದ್ದವನು ಯಾವ ಮುಖದಿಂದ ಕೇಳಲಿ?

ಅಳಿಯಂದಿರು ಕಳುಹಿಸಿದ ಹಾಪ್ ಬಳ್ಳಿಯ ಬೇರುಗಡ್ಡೆಗಳು ಜನವರಿಯಲ್ಲಿ ತಲುಪಿದವು. ಬಿಯರಿಗೆ ಕಹಿಯನ್ನೂ ಪರಿಮಳವನ್ನೂ ಕೊಡುವುದು ಆ ಬಳ್ಳಿಯ ಹೂವಂತೆ. "ಹೊರಗೆ ಎಸೆ" ಎಂದೆ. "ಆಯ್ತು" ಎಂದಳು ನಿನ್ನ ಅಮ್ಮ. ಮಾರ್ಚ್ ತಿಂಗಳಲ್ಲಿ ನಿಂಬೆಹಣ್ಣು ಹುಡುಕುತ್ತ ಫ್ರಿಜ್ಜಿನ ತರಕಾರಿ ಡಬ್ಬಿಯನ್ನು ಎಳೆದರೆ, ಸೊಪ್ಪಿನ ಅಡಿಯಲ್ಲಿ ಸಣ್ಣ ಸಣ್ಣ ತೂತು ಮಾಡಿದ ಪ್ಲಾಸ್ಟಿಕ್ ಚೀಲ. ಅದರೊಳಗೆ ತೇವದ ಮರದ ಹೊಟ್ಟು, ಹೊಟ್ಟಿನ ನಡುವೆ ಬೆರಳು ಗಾತ್ರದ ನಾಲ್ಕು ಕಂದು ತುಂಡುಗಳು.

"ಇದೇನೇ, ಶುಂಠಿಯಾ?"

"ಶುಂಠಿ ಅಂತ ಟೀಗೆ ಜಜ್ಜಿ ಹಾಕ್ಬಿಟ್ಟೀರಿ, ಜೋಕೆ! ಅಳಿಯಂದ್ರು ಕಳಿಸಿದ್ದು. ಇನ್ನೂ ಜೀವ ಇದೆ."

"ಎಸೆ ಅಂದಿದ್ನಲ್ಲ?"

"ಅಂದ್ರಿ. ನಿಮ್ಮ ಮಾತೆಲ್ಲ ಕೇಳಿದ್ರೆ ಈ ಮನೇಲಿ ಏನು ಉಳೀತಿತ್ತು?"

ಪ್ರತಿ ಭಾನುವಾರ ಮಧ್ಯಾಹ್ನ ನಾನು ಮಲಗಿದಾಗ ಚೀಲ ಬಿಚ್ಚಿ, ಬೂಷ್ಟು ಒರಸಿ, ಹೊಟ್ಟು ಒಣಗಿದ್ದರೆ ನಾಲ್ಕು ಹನಿ ನೀರು ಚಿಮುಕಿಸಿ ಕಾದಿದ್ದಾಳೆ. ನನ್ನ ಕೈಕೆಳಗೆ ಎಷ್ಟೋ ಉಗ್ರಾಣದವರು ದುಡಿದಿದ್ದಾರೆ. ಇಂಥ ಕಾವಲು ನಾನು ಕಂಡಿರಲಿಲ್ಲ.

ಚಳಿ ಇಳಿದು ಮಣ್ಣು ಬೆಚ್ಚಗಾದ ಮೇಲೆ, ನಾಚಿಕೆಯಿಂದಲೋ ಏನೋ, ಗುದ್ದಲಿಯನ್ನು ನಾನೇ ಹಿಡಿದೆ. ತುಂಡುಗಳನ್ನು ಮೊಳಕೆಯ ಕಣ್ಣು ಮೇಲಾಗಿ ಅಡ್ಡಡ್ಡ ಮಲಗಿಸಿ ಎರಡು ಬೆರಳಷ್ಟು ಮಣ್ಣು ಮುಚ್ಚಬೇಕೆಂದು ಅಳಿಯಂದಿರು ದುಂಡು ಅಕ್ಷರದಲ್ಲಿ ಬರೆದಿದ್ದರು. ನಲವತ್ತು ವರ್ಷ ಕಟ್ಟಡಗಳಿಗೆ ಅಡಿಪಾಯ ತೋಡಿಸಿದ ನನಗೆ ಅದು ಒಪ್ಪಿಗೆಯಾಗಲಿಲ್ಲ. ಇಪ್ಪತ್ತು ಅಡಿ ಏರುವ ಬಳ್ಳಿಗೆ ಎರಡು ಬೆರಳೇ? ಒಂದೂವರೆ ಅಡಿ ತೋಡಿ, ಹೂಳಿ, ಮೇಲೆ ದಿಮ್ಮಸು ಹೊಡೆದು ಮಣ್ಣು ಗಟ್ಟಿಮಾಡಿದೆ.

ಮೂರು ವಾರವಾದರೂ ಒಂದು ಕುಡಿಯೂ ಕಾಣಲಿಲ್ಲ. ನಿನ್ನ ಅಮ್ಮ ಅಳಿಯಂದಿರಿಗೆ ಫೋನು ಮಾಡಿದಳು. ನಾನು ಪಕ್ಕದಲ್ಲೇ ಇದ್ದೆ.

"ಎಷ್ಟು ಆಳ ಹಾಕಿದ್ರಿ ಅತ್ತೆ?"

"ನನ್ನನ್ಯಾಕೆ ಕೇಳ್ತೀರಿ? ನಿಮ್ಮ ಮಾವ ಅಲ್ಲಿ ಮೂರು ಮಹಡಿ ಎಬ್ಬಿಸೋ ಹಾಗೆ ದಿಮ್ಮಸು ಹೊಡೆದಿದಾರೆ."

ಈಗ ನಗುತ್ತಾರೆ ಎಂದುಕೊಂಡೆ. ನಗಲಿಲ್ಲ. "ಮಾವ ತಾವೇ ನೆಟ್ರಾ?" ಎಂದು ಎರಡು ಸಲ ಕೇಳಿದರು. ಅನಂತರ, "ಗುದ್ದಲಿ ಬೇಡ ಅತ್ತೆ, ಕೈಯಲ್ಲೇ ಮಣ್ಣು ಬಿಡಿಸಿ. ಬಿಳಿ ಮೊಳಕೆ ಇದ್ರೆ ಮುರೀಬಾರ್ದು" ಎಂದರು.

ಮೂರು ಕೊಳೆತಿದ್ದವು. ನಾಲ್ಕನೆಯದರಿಂದ ಗೇಣುದ್ದದ ಬಿಳಿ ಕುಡಿ ಬೆಳಕನ್ನು ತಡಕುತ್ತ ಮೇಲೆ ಬರುತ್ತಿತ್ತು. ಅದನ್ನು ಎರಡು ಬೆರಳ ಆಳಕ್ಕೆ ತಂದು ಮಲಗಿಸಿದೆವು. ಈಗ ಬಳ್ಳಿ ನಾವು ಕಟ್ಟಿದ ಹುರಿಯನ್ನು ಹಿಡಿದು ಅಡುಗೆಮನೆಯ ಕಿಟಕಿಯನ್ನು ದಾಟಿದೆ. ಗಡಿಯಾರದ ಮುಳ್ಳಿನ ದಿಕ್ಕಿಗೇ ಸುತ್ತುತ್ತದೆ. ನಾನು ಎದುರು ದಿಕ್ಕಿಗೆ ಸುತ್ತಿ ನೋಡಿದೆ, ಬೆಳಗಾಗುವಷ್ಟರಲ್ಲಿ ಬಿಡಿಸಿಕೊಂಡಿತ್ತು. ಮೊನ್ನೆ ಅಳಿಯಂದಿರು ಫೋನಿನಲ್ಲಿ ನನ್ನೊಡನೆಯೇ ಮಾತನಾಡಿ, "ಮೊದಲ್ನೇ ವರ್ಷ ಹೂವಿನ ಆಸೆ ಇಟ್ಕೋಬೇಡಿ ಮಾವ, ಅದು ಬೇರಿನ ಕೆಲಸದಲ್ಲಿರುತ್ತೆ" ಎಂದರು. ಒಂದು ಗಿಡದ ಕುರಿತು ಇಷ್ಟು ತಿಳಿದೂ ಇಷ್ಟು ಮೆಲ್ಲಗೆ ಮಾತನಾಡುವವರು ಅಪರೂಪ.

ಬನ್ನಿ. ನಿಮ್ಮಿಬ್ಬರ ಕೈಯ ಕೆಲಸ ಕೈಹಿಡಿಯಲಿ, ಮನೆ ನಗುತ್ತಿರಲಿ.

ಇಂತು,
ನಿನ್ನ ಅಪ್ಪ

ಪುನಶ್ಚ: ಹೋದ ವರ್ಷವೂ ಅಳಿಯಂದಿರಿಂದ ಒಂದು ಕಟ್ಟು ಬಂದಿತ್ತು. ನಿನ್ನ ಅಮ್ಮ ಮನೆಯಲ್ಲಿರಲಿಲ್ಲ. ಬಿಚ್ಚದೆಯೇ ಬೀದಿಯ ಕಸದ ತೊಟ್ಟಿಗೆ ಹಾಕಿದೆ. ನೀನು ಫೋನಿನಲ್ಲಿ ಕೇಳಿದಾಗ ಬಂದಿಲ್ಲ ಎಂದೆ. "ಅವರು ಹಾಗೇ ಅಪ್ಪ, ಕಳಿಸ್ದೆ ಅಂತಾರೆ, ಕಳಿಸಿರಲ್ಲ" ಎಂದು ನೀನು ಅವರೆದುರಿಗೇ ಅಂದೆ. "ಅಂಚೇಲಿ ಕಳೆದಿರ್ಬೇಕು, ಬಿಡು" ಎಂದ ಅವರ ದನಿಯೂ ನನಗೆ ಕೇಳಿಸಿತು. ನಾನು ಸುಮ್ಮನಿದ್ದೆ. ಇದನ್ನು ಅವರಿಗೆ ಓದಿ ಹೇಳು. ಬರುವುದೋ ಬೇಡವೋ, ಆಮೇಲೆ ಅವರೇ ಹೇಳಲಿ.