ಅಕ್ಕನ ಕೈಗುಣ

ತಿಪಟೂರು,
ಆಸ್ಪತ್ರೆಯ ಗಂಡಸರ ವಾರ್ಡು,
11 ಜುಲೈ 2024, ಗುರುವಾರ

ಪ್ರೀತಿಯ ದ್ರಾಕ್ಷಾಯಣಕ್ಕಾ,

ನಿನ್ನ ಮಂಡಿನೋವು ಹೇಗಿದೆ? ಭಾವನ ಕೆಮ್ಮು ಕಡಿಮೆಯಾಯಿತೇ? ಫೋನಿನಲ್ಲಿ ನೀನು ನನಗೆ ಬಾಯಿ ತೆರೆಯಲು ಬಿಡುವುದಿಲ್ಲ. ಅದಕ್ಕೇ ಕಾಗದ ಬರೆದು, ನಿಮ್ಮೂರು ಹೊನ್ನವಳ್ಳಿಗೆ ಹೊರಟಿರುವ ಪರಮಶಿವಯ್ಯನ ಕೈಲಿ ಕೊಡುತ್ತಿದ್ದೇನೆ. ಓದಿ ಮುಗಿಸುವವರೆಗೆ ಬಯ್ಯಬೇಡ.

ನನ್ನ ತೊಡೆಯ ಆಪರೇಷನ್ನಿನ ಹೊಲಿಗೆ ಇನ್ನೂ ಕೀವಾಡುತ್ತಿದೆ. ಬಂದವರೆಲ್ಲ ಬ್ಯಾಂಡೇಜು ಎತ್ತಿ ನೋಡಿದರೆ ಇನ್ನೇನಾಗುತ್ತದೆ? ಈ ವಾರ್ಡು ನೋಡಿದರೇ ವಾಕರಿಕೆ ಬರುತ್ತದೆ. ನಮ್ಮ ಮಂದಿ ಸಂತೆಗೆ ಬಂದಂತೆ ಬರುತ್ತಾರೆ, ಬಸ್ಸಿನ ಧೂಳು ಹೊತ್ತ ಬಟ್ಟೆಯಲ್ಲೇ ರೋಗಿಯ ಹಾಸಿಗೆ ಮೇಲೆ ಕೂರುತ್ತಾರೆ, ಸಿಂಬಳ ಸೀಟಿದ ಕೈಯಲ್ಲೇ ಎಳನೀರು ಕುಡಿಸುತ್ತಾರೆ. ಡ್ರೆಸ್ಸಿಂಗ್ ಮಾಡುವ ಮಾಯಣ್ಣನೋ, ಹಾಕಿದ ಗ್ಲೌಸು ಬಿಚ್ಚದೆ ಹಾಸಿಗೆಯಿಂದ ಹಾಸಿಗೆಗೆ ನಡೆಯುತ್ತಾನೆ. ಮೊನ್ನೆ ಅದೇ ಗ್ಲೌಸಿನಲ್ಲಿ ಮೊಬೈಲ್ ಎತ್ತಿ ಹೆಂಡತಿಯನ್ನು ಇವತ್ತು ಏನು ಸಾರು ಎಂದು ಕೇಳಿದ. ಡಾಕ್ಟರು ಕಂಡೂ ಕಾಣದವರಂತೆ ಹೋದರು. ಥೂ, ಹೇಸಿಗೆ.

ಆದರೆ ಅಕ್ಕಾ, ಅವರನ್ನು ಬಯ್ದು ನಿನ್ನನ್ನು ಬಿಡಲಾರೆ. ಹೋದ ವಾರ ನೀನು ಮನೆಯ ಕೊಬ್ಬರಿ ಎಣ್ಣೆ ತಂದು, ಆಗಲೇ ಕೀವು ಜಿನುಗುತ್ತಿದ್ದ ನನ್ನ ಹೊಲಿಗೆಗೆ ಬೆರಳಲ್ಲಿ ಸವರಿದೆ. ನರ್ಸ್ ರಾಧಾಮಣಿ ಓಡಿಬಂದು ಕೈ ತೊಳೆಯಿರಿ ಎಂದರೆ, “ಲಿಂಗಪೂಜೆ ಮಾಡಿದ ಕೈ ಕಣಮ್ಮ ಇದು, ಇದಕ್ಕೆ ಎಲ್ಲಿಂದ ಬತ್ತೈತೆ ಮೈಲಿಗೆ?” ಎಂದೆ. ಪೂಜೆ ಮಾಡಿದ ಕೈಗೆ ಮೈಲಿಗೆ ಇಲ್ಲ, ಒಪ್ಪಿದೆ. ಬೆರಳ ತುದಿಯಲ್ಲಿ ನನ್ನ ಕೀವಿತ್ತಲ್ಲ! ಅದೇ ಬೆರಳನ್ನು ಎಣ್ಣೆಗೆ ಅದ್ದಿ ಪಕ್ಕದ ಹಾಸಿಗೆಯ ದುರ್ಗಯ್ಯನ ಕಾಲಿನ ಗಾಯಕ್ಕೂ ಸವರಿದೆ.

ದುರ್ಗಯ್ಯ ಕಿಬ್ಬನಹಳ್ಳಿ ಕಡೆಯವನು, ತೆಂಗಿನಮರ ಹತ್ತಿ ಕಾಯಿ ಕೆಡವುವವನು. ಮರುದಿನ ಮನೆಗೆ ಹೋಗಬೇಕಿತ್ತು. ಅವನನ್ನು ನೋಡಲು ಯಾರೂ ಬರುವುದಿಲ್ಲ ಎಂದು ನಿನಗೆ ಕರುಳು ಚುರುಕ್ಕೆಂದಿತು. ಯಾರು ಎತ್ತ ಎಂದು ಕೇಳದೆ ಮುಟ್ಟಿದೆಯಲ್ಲ ಎಂದು ನಾನೂ ಹಿಗ್ಗಿದೆ. ಆಮೇಲೆ ಅವನಿಗೆ ಜ್ವರ ಏರಿತು, ಕಾಲು ಊದಿ ಕುಂಬಳಕಾಯಿಯಂತಾಯಿತು. ನಮ್ಮಿಬ್ಬರ ಕೀವಿನಲ್ಲೂ ಒಂದೇ ಕ್ರಿಮಿ ಇದೆಯಂತೆ. ಮಾಯಣ್ಣನ ಗ್ಲೌಸೋ ನಿನ್ನ ಬೆರಳೋ, ಯಾರು ಪ್ರಮಾಣ ಮಾಡಬೇಕು? ಬೆಳಿಗ್ಗೆ ಅವನನ್ನು ಮತ್ತೆ ಆಪರೇಷನ್ನಿಗೆ ಒಯ್ದಿದ್ದಾರೆ. ಕಾಲು ಉಳಿಯುವುದು ಅನುಮಾನ ಎನ್ನುತ್ತಾರೆ. ಕಾಲಿಲ್ಲದೆ ಅವನು ಯಾವ ಮರ ಹತ್ತಬೇಕು?

ನಿನ್ನ ಮನಸ್ಸು ಬೆಣ್ಣೆ, ನನಗೆ ಗೊತ್ತು. ಆದರೂ ಸಿಟ್ಟಿದೆ. ನಮ್ಮೆಲ್ಲರ ಮೇಲೂ ಅಸಹ್ಯವಾಗಿದೆ. ಸೋಮವಾರ ಬರುವಾಗ ಎಣ್ಣೆ ತರಬೇಡ. ಬಾಗಿಲಲ್ಲೇ ಸೋಪು ಹಾಕಿ ಕೈ ತೊಳೆದು, ಕುರ್ಚಿ ಮೇಲೆ ಕೂರು.

ಭಾವನಿಗೆ ನನ್ನ ಶರಣು ತಿಳಿಸು, ಬೀಡಿ ಬಿಡಲಿ ಎಂದೂ ಹೇಳು.

ನಿನ್ನ ತಮ್ಮ,
ಸದಾಶಿವಯ್ಯ

ತಾ.ಕ.: ಪರಮಶಿವಯ್ಯ ಚೀಲ ಹಿಡಿದು ನಿಂತಿದ್ದಾನೆ. ದುರ್ಗಯ್ಯನನ್ನು ಈಗಷ್ಟೇ ತಂದು ಮಲಗಿಸಿದರು. ಮಂಡಿಯಿಂದ ಕೆಳಗೆ ಕಾಲಿಲ್ಲ. ಕಣ್ಣು ಬಿಟ್ಟವನೇ ನನ್ನ ಕಡೆ ತಿರುಗಿ, “ಅಕ್ಕಾರು ಇನ್ನೊಂದ್ ಸಲ ಬಂದು ಎಣ್ಣೆ ಹಚ್ಚಿದ್ರೆ ನನ್ ಕಾಲು ಉಳೀತಿತ್ತು ಕಣ್ರಯ್ಯ” ಎಂದ. ನಾನು ಹೂಂ ಅಂದುಬಿಟ್ಟೆ ಅಕ್ಕಾ.