ಆಮೆಯ ಅಡಿಯ ಕೀ

ಅಪ್ಪಾ,

ನೀನು ಸತ್ತು ಆರು ತಿಂಗಳಾಯಿತು. ನಿನ್ನ ಆ ದರಿದ್ರ ಸಿಮೆಂಟ್ ಆಮೆಯನ್ನು ಇವತ್ತು ಎತ್ತಿ ಎಸೆಯಲು ಹೊರಟೆ. ವರ್ಷ ವರ್ಷ ಗಿಳಿಹಸಿರು ಬಣ್ಣ ಬಳಿದು ನನ್ನ ಗುಲಾಬಿಗಳ ಮಾನ ಕಳೆಯುತ್ತಿದ್ದೆಯಲ್ಲ, ಅದೇ. ಅದರಡಿಯಲ್ಲಿ ಪ್ಲಾಸ್ಟಿಕ್ ಸುತ್ತಿದ ಕೀ ಸಿಕ್ಕಿತು, ನಮ್ಮ ಮುಂಬಾಗಿಲಿನದು.

"ನೀನು ಕೀ ಮರೆತಾಗೆಲ್ಲ ಮಾವ ಬಾಗಿಲು ತೆಗೀತಿದ್ದಿದ್ದು ಇದ್ರಲ್ಲೇ," ಎಂದರು ಇವರು.

ಹಾಗಾದರೆ, ನನ್ನ ನಿನ್ನ ಜಗಳದ ನಂತರ ನೀನು ಬಂದ ದಿನ? ಅರ್ಧ ಗಂಟೆ ಬೆಲ್ ಒತ್ತಿದೆ. ನಾನು ಒಳಗೇ ಕೂತಿದ್ದೆ. ಕೊನೆಗೆ ನೀನು ನನ್ನ ಗಿಡಗಳಿಗೆಲ್ಲ ನೀರು ಹಾಕಿ, ಪೈಪು ಸುತ್ತಿಟ್ಟು ಹೋದೆ.

ಆ ಮರ್ಯಾದೆ ಯಾರಿಗೆ ಬೇಕಿತ್ತು? ಕೀ ನಿನ್ನ ಕಾಲಬುಡದಲ್ಲೇ ಇತ್ತು. ಒಳಗೆ ನುಗ್ಗಿ ನನ್ನ ಕಿವಿ ಹಿಂಡಬಾರದಿತ್ತೇ?

ಕೀಯನ್ನು ಮತ್ತೆ ಆಮೆಯಡಿಯಲ್ಲೇ ಇಟ್ಟಿದ್ದೇನೆ. ಬೆಲ್ ಕಿತ್ತುಹಾಕಿಸಿದ್ದೇನೆ.